ಶೀತ ಕಣ್ಣಿಗೆ ಏರಿದಾಗ: ಮಕ್ಕಳ ಸೈನಸ್ ಸೋಂಕಿನ ಅಪಾಯಗಳು



“ಶೀತ ತಾನೇ ಸಿಸ್ಟರ್, ಮದ್ದು ಮಾಡಿದ್ರೆ ಒಂದು ವಾರ, ಮಾಡದಿದ್ರೆ ಏಳು ದಿನ” ಎಂದು ಸಂಘದ ಸಭೆಗಳಲ್ಲಿ ನೀವು ನಗುತ್ತಾ ಹೇಳುವುದುಂಟು. ಆ ಮಾತು ಬಹುಮಟ್ಟಿಗೆ ನಿಜವೇ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತವಾಗುವುದು ಸಹಜ. ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಆದರೆ ಅಪರೂಪಕ್ಕೆ ಒಂದು ಮಗುವಿನಲ್ಲಿ ಸೋಂಕು ಮೂಗಿನಲ್ಲೇ ನಿಲ್ಲದೆ ಕಣ್ಣಿಗೆ, ಮೆದುಳಿಗೆ ದಾಟುತ್ತದೆ. ಆಗ ನಮ್ಮ ಕೈಯಲ್ಲಿ ದಿನಗಳು ಇರುವುದಿಲ್ಲ, ಗಂಟೆಗಳು ಮಾತ್ರ ಇರುತ್ತವೆ. ಅದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು, ಸಂಘವಾಗಿ ಮೊದಲೇ ಏನು ತಯಾರಿ ಮಾಡಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ. ಸಭೆಯಲ್ಲಿ ಓದು ಬಲ್ಲ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ.

ಒಬ್ಬ ಹುಡುಗನ ಎಡಗಣ್ಣು

ಕಾಫಿ ತೋಟದ ಲೈನ್ ಮನೆಯಲ್ಲಿರುವ ನಮ್ಮ ಒಬ್ಬ ಸದಸ್ಯೆಯ ಮಗನಿಗೆ ಆರು ವರ್ಷ. ಎರಡು ವಾರದಿಂದ ಮೂಗು ಸೋರುತ್ತಿತ್ತು. ನಡುವೆ ಜ್ವರ ಬಿಟ್ಟು ಎರಡು ದಿನ ಆಡಿಕೊಂಡಿದ್ದ. ಮತ್ತೆ ಜ್ವರ ಬಂತು. ಗುರುವಾರ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ರೆಪ್ಪೆ ಊದಿಕೊಂಡಿತ್ತು. ಪಕ್ಕದ ಮನೆಯವರು “ಏನೋ ಹುಳ ಕಚ್ಚಿರಬೇಕು” ಅಂದರು. ಅತ್ತೆ “ಮಗೂಗೆ ದೃಷ್ಟಿ ಆಗಿದೆ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮೆಡಿಕಲ್ ಶಾಪಿನಿಂದ ಕಣ್ಣಿನ ಡ್ರಾಪ್ಸ್ ತಂದು ಹಾಕಿದ್ದಾಯಿತು. ಶುಕ್ರವಾರದ ಹೊತ್ತಿಗೆ ಕಣ್ಣು ಪೂರ್ತಿ ಮುಚ್ಚಿತ್ತು.

ಗಂಡ ಬೇರೆ ಊರಿನಲ್ಲಿ ಕೆಲಸಕ್ಕೆ ಹೋಗಿದ್ದ. ಕೈಯಲ್ಲಿ ಇದ್ದದ್ದು ನೂರೈವತ್ತು ರೂಪಾಯಿ. “ನಾಳೆ ಬಟವಾಡೆ ಆಗುತ್ತೆ, ಆಮೇಲೆ ಹೋಗೋಣ” ಎಂದು ಆ ತಾಯಿ ಅಂದುಕೊಂಡಿದ್ದಳು. ಅಂದು ಸಂಜೆ ಸಂಘದ ಸಭೆಗೆ ಅವಳು ಬರಲಿಲ್ಲ. ಯಾಕೆಂದು ನೋಡಲು ಪ್ರತಿನಿಧಿ ಮನೆಗೆ ಹೋದರು. ಮಗು ಮಂಕಾಗಿ ಮಲಗಿತ್ತು. ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ನೋಡಿದರೆ ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಂಡಿತು. “ಬಟವಾಡೆ ಇರಲಿ ಕಣೇ, ಮೊದಲು ಏಳು” ಎಂದು ಸಂಘದ ಪೆಟ್ಟಿಗೆಯಿಂದ ಎರಡು ಸಾವಿರ ತೆಗೆದುಕೊಂಡು ಹೊರಡಿಸಿದರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನೋಡಿದ ಕೂಡಲೇ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನಿನಲ್ಲಿ ಕಣ್ಣುಗುಡ್ಡೆಯ ಪಕ್ಕದಲ್ಲಿ ಕೀವು ಕಟ್ಟಿರುವುದು ಕಂಡಿತು. ರಾತ್ರಿಯೇ ಆಪರೇಷನ್ ಆಯಿತು.

ಹುಡುಗ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿವೆ, ಶಾಲೆಗೆ ಹೋಗುತ್ತಿದ್ದಾನೆ. ಆ ತಾಯಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: “ಮೂಗಿನ ಶೀತಕ್ಕೂ ಕಣ್ಣಿಗೂ ಏನು ಸಂಬಂಧ ಸಿಸ್ಟರ್? ಯಾರೂ ನಮಗೆ ಹೇಳಿರಲೇ ಇಲ್ಲ.” ಈ ಪಾಠ ಅವಳ ಪ್ರಶ್ನೆಗೆ ಉತ್ತರ.

ಸೈನಸ್ ಎಂದರೇನು?

ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡು ನೋಡಿದ್ದೀರಲ್ಲ, ಹಾಗೆಯೇ ನಮ್ಮ ಮುಖದ ಮೂಳೆಗಳ ಒಳಗೆ ಗಾಳಿ ತುಂಬಿದ ಟೊಳ್ಳು ಗೂಡುಗಳಿವೆ. ಇವೇ ಸೈನಸ್‌ಗಳು. ಕೆನ್ನೆಯ ಮೂಳೆಯಲ್ಲಿ, ಎರಡು ಕಣ್ಣುಗಳ ನಡುವೆ, ಹಣೆಯಲ್ಲಿ ಮತ್ತು ಮೂಗಿನ ಹಿಂದೆ ಆಳದಲ್ಲಿ ಇವು ಇವೆ. ಎಲ್ಲ ಗೂಡುಗಳಿಗೂ ಮೂಗಿನೊಳಕ್ಕೆ ಸಣ್ಣ ಕಿಂಡಿ ಇದೆ. ಗೂಡಿನಲ್ಲಿ ಊರುವ ಲೋಳೆ ಆ ಕಿಂಡಿಯಿಂದ ಮೂಗಿಗೆ ಇಳಿದು ಹೋಗುತ್ತದೆ.

ಶೀತವಾದಾಗ ಮೂಗಿನ ಒಳಪದರ ಊದಿಕೊಂಡು ಕಿಂಡಿ ಮುಚ್ಚುತ್ತದೆ. ಲೋಳೆ ಒಳಗೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಹುಳ ಆದಂತೆ ನಿಂತ ಲೋಳೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಇದೇ ಸೈನಸ್ ಸೋಂಕು. ಮಕ್ಕಳಿಗೆ ಬರುವ ಶೀತಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ ಹೀಗೆ ತಿರುಗುತ್ತವೆ. ಅವುಗಳಲ್ಲೂ ಕಣ್ಣು, ಮೆದುಳಿಗೆ ಹೋಗುವುದು ತೀರಾ ಕಡಿಮೆ. ಆದ್ದರಿಂದ ಭಯ ಬೇಡ, ಆದರೆ ತಿಳುವಳಿಕೆ ಬೇಕು.

ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ್ದು ಗೋಡೆಯ ವಿಷಯ. ಕಣ್ಣುಗಳ ನಡುವಿನ ಸೈನಸ್‌ಗೂ ಕಣ್ಣಿನ ಗೂಡಿಗೂ ಮಧ್ಯೆ ಇರುವ ಮೂಳೆ ಹಪ್ಪಳಕ್ಕಿಂತ ತೆಳು. ಡಾಕ್ಟರುಗಳೇ ಅದಕ್ಕೆ ‘ಕಾಗದದಂಥ ಮೂಳೆ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಹಣೆಯ ಸೈನಸ್‌ನ ಹಿಂದಿನ ಗೋಡೆಯ ಆಚೆ ಇರುವುದೇ ಮೆದುಳು. ಇನ್ನೊಂದು ಸಂಗತಿ: ಕಾಲಿನ ರಕ್ತನಾಳಗಳಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳಿವೆ. ಮುಖದ ಈ ಭಾಗದ ಸಿರೆಗಳಲ್ಲಿ ಅಂಥ ತಡೆ ಇಲ್ಲದಂತೆಯೇ. ಹಾಗಾಗಿ ಗೋಡೆ ಒಡೆಯದಿದ್ದರೂ ರಕ್ತನಾಳಗಳ ಮೂಲಕ ಸೋಂಕು ಕಣ್ಣಿಗೆ, ಮೆದುಳಿಗೆ ಸಾಗಬಹುದು.

2021ರಲ್ಲಿ ಕೊರೋನಾ ಎರಡನೇ ಅಲೆಯ ಹೊತ್ತಿಗೆ ‘ಬ್ಲ್ಯಾಕ್ ಫಂಗಸ್’ ಬಂದು ಅನೇಕರ ಕಣ್ಣು ಹೋದದ್ದು ನಿಮಗೆ ನೆನಪಿರಬಹುದು. ಅದು ಶಿಲೀಂಧ್ರ, ಹೆಚ್ಚಾಗಿ ಸಕ್ಕರೆ ಕಾಯಿಲೆಯ ದೊಡ್ಡವರಿಗೆ ಬಂತು. ನಾವು ಈಗ ಹೇಳುತ್ತಿರುವುದು ಸಾಮಾನ್ಯ ಬ್ಯಾಕ್ಟೀರಿಯಾ. ಆದರೆ ದಾರಿ ಒಂದೇ: ಮೂಗಿನಿಂದ ಸೈನಸ್, ಸೈನಸ್‌ನಿಂದ ಕಣ್ಣು, ಮೆದುಳು.

ಬರೀ ಶೀತವೋ, ಸೈನಸ್ ಸೋಂಕೋ?

ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಸೈನಸ್ ಸೋಂಕು ಎಂದಲ್ಲ. ಮಾಮೂಲಿ ಶೀತದಲ್ಲೂ ನಾಲ್ಕೈದನೇ ದಿನ ಸಿಂಬಳ ಗಟ್ಟಿಯಾಗಿ ಬಣ್ಣ ತಿರುಗುತ್ತದೆ. ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಮಕ್ಕಳ ಡಾಕ್ಟರುಗಳು ಗಮನಿಸುವುದು ಮೂರು ವಿಷಯ:

1. ಹತ್ತು ದಿನ ದಾಟಿದರೂ ಮೂಗು ಸೋರುವುದು ಅಥವಾ ಹಗಲೂ ಕೆಮ್ಮುವುದು ಸ್ವಲ್ಪವೂ ಕಡಿಮೆಯಾಗದಿರುವುದು.

2. ಶೀತ ವಾಸಿಯಾಗುತ್ತಾ ಬಂದು, ಮತ್ತೆ ಜ್ವರ ಬಂದು ಜಾಸ್ತಿಯಾಗುವುದು. ತೋಟದ ಹುಡುಗನಿಗೆ ಆದದ್ದು ಇದೇ.

3. ಮೊದಲಿನಿಂದಲೇ 102 ಡಿಗ್ರಿಗಿಂತ ಹೆಚ್ಚು ಜ್ವರ ಮತ್ತು ಕೀವಿನಂಥ ಸಿಂಬಳ ಎರಡೂ ಒಟ್ಟಿಗೆ ಮೂರು ದಿನ ಇರುವುದು.

ಈ ಮೂರರಲ್ಲಿ ಒಂದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಔಷಧಿ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕುಡಿಸಿ. “ಜ್ವರ ಬಿಡ್ತು, ಇನ್ನು ಸಾಕು” ಎಂದು ಅರ್ಧ ಬಾಟಲಿ ಎತ್ತಿಡಬೇಡಿ. ಒಂದೇ ಹೊಳ್ಳೆಯಿಂದ ಮಾತ್ರ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಮಗು ಮೂಗಿಗೆ ಹುಣಸೆಬೀಜ, ಮಣಿ, ಬಟನ್ ಸೆಲ್ಲು ಏನಾದರೂ ತುರುಕಿಕೊಂಡಿರಬಹುದು. ಅದನ್ನೂ ಡಾಕ್ಟರೇ ನೋಡಬೇಕು. ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ.

ಕಣ್ಣಿಗೆ ಹರಡಿದಾಗ

ಕಣ್ಣುಗಳ ನಡುವಿನ ಸೈನಸ್ ಮಗು ಹುಟ್ಟುವಾಗಲೇ ಇರುತ್ತದೆ. ಆದ್ದರಿಂದ ಚಿಕ್ಕ ಮಕ್ಕಳಲ್ಲಿ ಅಪಾಯ ಹೆಚ್ಚಾಗಿ ಕಾಣುವುದು ಕಣ್ಣಿನಲ್ಲಿ. ಮೊದಲು ರೆಪ್ಪೆ ಊದಿ ಕೆಂಪಾಗುತ್ತದೆ. ಸೋಂಕು ರೆಪ್ಪೆಯ ಮಟ್ಟದಲ್ಲೇ ಇದ್ದರೆ ಕಣ್ಣುಗುಡ್ಡೆ ಸರಿಯಾಗಿ ಹೊರಳುತ್ತದೆ, ದೃಷ್ಟಿ ಚೆನ್ನಾಗಿರುತ್ತದೆ. ಅದು ಕಣ್ಣಿನ ಗೂಡಿನ ಒಳಕ್ಕೆ ಹೋದರೆ ಕಣ್ಣು ಹೊರಳಿಸುವಾಗ ನೋವಾಗುತ್ತದೆ, ಗುಡ್ಡೆ ಮುಂದಕ್ಕೆ ಉಬ್ಬುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕೀವು ಕಟ್ಟಿ ಕಣ್ಣಿನ ನರವನ್ನು ಒತ್ತಿದರೆ ಕೆಲವೇ ಗಂಟೆಗಳಲ್ಲಿ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಆಂಟಿಬಯಾಟಿಕ್ ಔಷಧಿಗಳು ಬರುವುದಕ್ಕೆ ಮೊದಲಿನ ಕಾಲದಲ್ಲಿ ಇಂಥ ರೋಗಿಗಳಲ್ಲಿ ಸುಮಾರು ಐದರಲ್ಲಿ ಒಬ್ಬರ ಕಣ್ಣು ಹೋಗುತ್ತಿತ್ತು, ಆರರಲ್ಲಿ ಒಬ್ಬರು ಸಾಯುತ್ತಿದ್ದರು. ಇಂದು ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ‘ಸಮಯಕ್ಕೆ’ ಎಂಬ ಮಾತನ್ನು ಗಮನಿಸಿ.

ಕಣ್ಣು ಬೇನೆ ಬಂದರೆ ಕಣ್ಣಿನ ಬಿಳಿ ಭಾಗ ಕೆಂಪಾಗಿ ಪಿಸುರು ಕಟ್ಟುತ್ತದೆ, ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಮಗು ಆಡಿಕೊಂಡಿರುತ್ತದೆ. ಹುಳ ಕಚ್ಚಿದರೆ ತುರಿಕೆ ಇರುತ್ತದೆ, ಜ್ವರ ಇರುವುದಿಲ್ಲ. ಆದರೆ ಶೀತ, ಜ್ವರದ ಜೊತೆ ಒಂದು ಕಣ್ಣಿನ ರೆಪ್ಪೆ ಊದಿದರೆ “ಏನಿರಬಹುದು” ಎಂದು ಮನೆಯಲ್ಲಿ ಕೂತು ಊಹಿಸಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.

ದಾರಿಯಲ್ಲಿ ಹೋಗುವಾಗ ತಾಯಿಯೇ ಎರಡು ವಿಷಯ ನೋಡಿಕೊಳ್ಳಬಹುದು. ನಿಮ್ಮ ಬೆರಳನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಆಡಿಸಿ, ತಲೆ ಆಡಿಸದೆ ಕಣ್ಣಿನಿಂದ ಮಾತ್ರ ನೋಡಲು ಮಗುವಿಗೆ ಹೇಳಿ. ಎರಡು ಕಣ್ಣೂ ಒಟ್ಟಿಗೆ ಹೊರಳುತ್ತವೆಯೇ? ನೋವು ಎನ್ನುತ್ತದೆಯೇ? ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ ಕೆಂಪು ಬಳೆ ತೋರಿಸಿ. ಊದಿದ ಕಣ್ಣಿಗೆ ಕೆಂಪು ಮಂಕಾಗಿ ಕಂಡರೆ ಕಣ್ಣಿನ ನರಕ್ಕೆ ತೊಂದರೆಯಾಗಿದೆ ಎಂಬುದಕ್ಕೆ ಅದು ಗುರುತು. ಇದನ್ನು ಡಾಕ್ಟರಿಗೆ ಹೇಳಿ. ಎರಡೂ ಸರಿಯಾಗಿದ್ದರೆ ಅರ್ಧ ದಾರಿಯಿಂದ ಹಿಂದಿರುಗಬೇಡಿ. ಡಾಕ್ಟರು ನೋಡಲೇಬೇಕು.

ಹಣೆಗೆ ಮತ್ತು ಮೆದುಳಿಗೆ ಹರಡಿದಾಗ

ಹಣೆಯ ಸೈನಸ್ ಬೆಳೆಯುವುದು ಏಳೆಂಟು ವರ್ಷದ ಮೇಲೆ. ಆದ್ದರಿಂದ ಮೆದುಳಿಗೆ ಹೋಗುವ ತೊಂದರೆ ದೊಡ್ಡ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಹೆಚ್ಚು. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾವು ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದೆವು. ಎಂಟನೇ ತರಗತಿಯ ಒಬ್ಬ ಹುಡುಗಿಗೆ ಶೀತವಾಗಿ, ನಂತರ ಒಂದು ವಾರ ತಲೆನೋವು ಎನ್ನುತ್ತಿದ್ದಳು. ಪರೀಕ್ಷೆ ಹತ್ತಿರ ಇತ್ತು. “ಓದೋಕೆ ಕಳ್ಳಾಟ” ಎಂದು ಹುಡುಗಿಯರು ನಕ್ಕರು. ನಾವೂ ಮುಲಾಮು ಹಚ್ಚಿ, ಮಾತ್ರೆ ಕೊಟ್ಟು ಮಲಗಿಸಿದೆವು. ಎರಡು ದಿನ ಬಿಟ್ಟು ಹಣೆಯ ನಡುವೆ ಮೆತ್ತಗಿನ ಊತ ಕಂಡಿತು. ಮಂಚಕ್ಕೆ ತಾಗಿಸಿಕೊಂಡಿರಬೇಕು ಅಂದುಕೊಂಡೆವು. ಬೆಳಗಿನ ಜಾವ ವಾಂತಿಯಾಗಿ ಫಿಟ್ಸ್ ಬಂತು. ಆಮೇಲೆ ಓಡಿದೆವು. ಹಣೆಯ ಮೂಳೆ ಕೊಳೆತು, ಮೆದುಳಿನ ಪೊರೆಯ ಬಳಿ ಕೀವು ತುಂಬಿತ್ತು. ಎರಡು ಆಪರೇಷನ್ ಆದವು. ಅವಳು ಬದುಕಿದಳು, ಮುಂದೆ ಓದಿದಳು. ಆದರೆ ಬಲಗೈಯ ಹಿಡಿತ ಮೊದಲಿನಂತೆ ಬರಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತಳು. ಅವಳು ಹೇಳಿದ ತಲೆನೋವನ್ನು ನಾವು ನಂಬಿದ್ದರೆ ಮೊದಲೇ ಹೋಗಬಹುದಿತ್ತು. ಈ ಭಾರ ಇಂದಿಗೂ ನಮ್ಮ ಮನಸ್ಸಿನಲ್ಲಿದೆ. ನಿಮ್ಮಲ್ಲಿ ಯಾರಿಗೂ ಹೀಗೆ ಆಗಬಾರದು ಎಂದೇ ಬರೆಯುತ್ತಿದ್ದೇವೆ.

ಹಣೆಯ ಈ ಊತವನ್ನು 18ನೇ ಶತಮಾನದಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಗುರುತಿಸಿ ಬರೆದಿದ್ದ. ಇಂದಿಗೂ ಡಾಕ್ಟರುಗಳು ‘ಪಾಟ್ಸ್ ಪಫಿ ಟ್ಯೂಮರ್’ ಎನ್ನುತ್ತಾರೆ. ಹೆಸರಿನಲ್ಲಿ ಟ್ಯೂಮರ್ ಇದ್ದರೂ ಇದು ಕ್ಯಾನ್ಸರ್ ಗೆಡ್ಡೆಯಲ್ಲ, ಮೂಳೆಯ ಸೋಂಕಿನಿಂದ ಬಂದ ಊತ. ಮೆದುಳು ಪೊರೆಯ ಉರಿಯೂತ, ಮೆದುಳಿನಲ್ಲಿ ಕೀವು, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವೂ ಇದೇ ದಾರಿಯಲ್ಲಿ ಬರುವ ತೊಂದರೆಗಳು.

ಕೂಡಲೇ ಆಸ್ಪತ್ರೆಗೆ ಹೊರಡಿ

ಶೀತ ಇರುವ ಅಥವಾ ಈಚೆಗೆ ಶೀತವಾಗಿದ್ದ ಮಗುವಿನಲ್ಲಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:

* ಕಣ್ಣಿನ ಸುತ್ತ ಊತ, ಕೆಂಪು. ಕಣ್ಣು ತೆರೆಯಲು ಆಗದಿರುವುದು
* ಕಣ್ಣುಗುಡ್ಡೆ ಉಬ್ಬುವುದು, ಹೊರಳಿಸಿದರೆ ನೋವು
* ದೃಷ್ಟಿ ಮಂಜಾಗುವುದು, ಒಂದು ಎರಡಾಗಿ ಕಾಣುವುದು
* ಹಣೆಯಲ್ಲಿ ಮೆತ್ತಗಿನ, ಮುಟ್ಟಿದರೆ ನೋಯುವ ಊತ
* ದಿನೇದಿನೇ ಹೆಚ್ಚುವ ತಲೆನೋವು, ಜೊತೆಗೆ ವಾಂತಿ
* ಕತ್ತು ಬಗ್ಗಿಸಲು ಆಗದಿರುವುದು, ಬೆಳಕು ನೋಡಲು ಆಗದಿರುವುದು
* ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಅಸಂಬದ್ಧ ಮಾತು
* ಫಿಟ್ಸ್, ಒಂದು ಕೈ ಅಥವಾ ಕಾಲಿನಲ್ಲಿ ಬಲ ಇಲ್ಲದಿರುವುದು

ಸಕ್ಕರೆ ಕಾಯಿಲೆ, ರಕ್ತದ ಕ್ಯಾನ್ಸರ್ ಮುಂತಾದ ಕಾರಣದಿಂದ ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮಗುವನ್ನು ದಾಖಲು ಮಾಡಿಕೊಂಡು ಆಂಟಿಬಯಾಟಿಕ್ ಔಷಧಿಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಈ ಹಂತದಲ್ಲಿ ಬಾಯಿಯಲ್ಲಿ ಕುಡಿಯುವ ಔಷಧಿ ಸಾಲದು. ಕೀವು ಎಲ್ಲಿದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಮಕ್ಕಳ ಡಾಕ್ಟರು, ಕಣ್ಣಿನ ಡಾಕ್ಟರು, ಕಿವಿ ಮೂಗು ಗಂಟಲು ಡಾಕ್ಟರು ಮೂವರೂ ನೋಡಬೇಕಾಗುತ್ತದೆ. ಹಾಗಾಗಿ ಸಣ್ಣ ಆಸ್ಪತ್ರೆಯವರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ “ನಮ್ಮನ್ನು ಸಾಗಹಾಕಿದರು” ಎಂದು ಬೇಸರಿಸಬೇಡಿ, ಮನೆಗೂ ವಾಪಸ್ ಹೋಗಬೇಡಿ. ಔಷಧಿಗೆ ಬಗ್ಗದಿದ್ದರೆ ಅಥವಾ ದೃಷ್ಟಿಗೆ ಅಪಾಯವಿದ್ದರೆ ಕೀವು ತೆಗೆಯುತ್ತಾರೆ, ಅನೇಕ ಸಲ ಮೂಗಿನ ಮೂಲಕವೇ. ಮೆದುಳಿಗೆ ಹೋಗಿದ್ದರೆ ಹಲವು ವಾರ ಔಷಧಿ ಬೇಕಾಗುತ್ತದೆ.

ಮಾಡಬಾರದ್ದು

ಊದಿದ ಕಣ್ಣಿಗೆ ಎದೆಹಾಲು, ಸೊಪ್ಪಿನ ರಸ, ಎಣ್ಣೆ ಹಾಕಬೇಡಿ. ಊತವನ್ನು ಒತ್ತಿ ಕೀವು ತೆಗೆಯಲು ಹೋಗಬೇಡಿ. ಬರೆ ಹಾಕಿಸಬೇಡಿ. ಹಿರಿಯರು ದೃಷ್ಟಿ ತೆಗೆಯಬೇಕು ಎಂದರೆ ಜಗಳ ಬೇಡ. “ಆಯ್ತು ಅತ್ತೆ, ನೀವು ನಿವಾಳಿಸಿ, ಅಷ್ಟರಲ್ಲಿ ನಾನು ಆಟೋ ಕರೀತೀನಿ” ಅನ್ನಿ. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಡ್ರಾಪ್ಸ್, ಆಂಟಿಬಯಾಟಿಕ್ ತರಬೇಡಿ. ಅಣ್ಣನಿಗೆ ಕೊಟ್ಟು ಉಳಿದ ಔಷಧಿಯನ್ನು ತಮ್ಮನಿಗೆ ಕುಡಿಸಬೇಡಿ. ಅರೆಬರೆ ಔಷಧಿಯಿಂದ ಜ್ವರ ಅಡಗಿ, ಒಳಗೆ ಕೀವು ಬೆಳೆಯುತ್ತಿರಬಹುದು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆತ ಶೀತದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದ್ದಾರೆ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಹಿಡಿಸಬೇಡಿ, ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳನ್ನು ನಾವು ನೋಡಿದ್ದೇವೆ.

ತಡೆಯಲು ಏನು ಮಾಡಬಹುದು?

ಸೈನಸ್ ಸೋಂಕು ತರುವ ಮುಖ್ಯ ರೋಗಾಣುಗಳಲ್ಲಿ ಒಂದು ನ್ಯುಮೋಕಾಕಸ್. ಇದರ ಲಸಿಕೆ ಪಿ.ಸಿ.ವಿ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 2017ರಿಂದ ಹಂತಹಂತವಾಗಿ ಸೇರಿ, 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಇದನ್ನು 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಹಾಕುತ್ತಾರೆ. 6, 10 ಮತ್ತು 14 ವಾರಕ್ಕೆ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ‘ಹಿಬ್’ ಎಂಬ ರೋಗಾಣುವಿಗೂ ರಕ್ಷಣೆ ಇದೆ. ಹಿಂದೆ ಮಕ್ಕಳ ಕಣ್ಣಿನ ಸೋಂಕಿಗೆ, ಮೆದುಳು ಜ್ವರಕ್ಕೆ ಇದು ದೊಡ್ಡ ಕಾರಣವಾಗಿತ್ತು. ತಾಯಿ ಕಾರ್ಡ್ ತೆಗೆದು ಇವೆಲ್ಲ ಆಗಿವೆಯೇ ನೋಡಿ. ಬಿಟ್ಟು ಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸೌದೆ ಒಲೆಯ ಹೊಗೆ, ಮನೆಯೊಳಗೆ ಸೇದುವ ಬೀಡಿಯ ಹೊಗೆ ಮೂಗಿನ ಒಳಪದರವನ್ನು ಕೆಡಿಸುತ್ತವೆ. ಮಗುವನ್ನು ಹೊಗೆಯಿಂದ ದೂರ ಇಡಿ. ಶೀತವಾದಾಗ ಅಂಗಡಿಯಲ್ಲಿ ಸಿಗುವ ಸಲೈನ್ ಮೂಗಿನ ಹನಿ ಹಾಕಿ ಮೂಗು ಸ್ವಚ್ಛ ಮಾಡಿ, ಬಿಸಿ ಗಂಜಿ, ಸಾರು, ನೀರು ಚೆನ್ನಾಗಿ ಕೊಡಿ. ಕೈ ತೊಳೆಯುವ ಅಭ್ಯಾಸ ಮಾಡಿಸಿ.

ಸಂಘವಾಗಿ ನಾವು

ಸಹೋದರಿಯರೇ, ತೋಟದ ಹುಡುಗನ ತಾಯಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಇರದಿದ್ದದ್ದು ಮಾಹಿತಿ, ಕೈಯಲ್ಲಿ ಹಣ, ಜೊತೆಗೆ ಹೊರಡಲು ಒಂದು ಜನ. ಈ ಮೂರನ್ನೂ ಸಂಘ ಕೊಡಬಲ್ಲದು.

ಮಗುವಿನ ಕಾಯಿಲೆಗೆ ಪೂರ್ತಿ ಸಭೆ ಸೇರದೆ, ಇಬ್ಬರು ಪ್ರತಿನಿಧಿಗಳ ಒಪ್ಪಿಗೆಯಿಂದ ಅಂದೇ ತುರ್ತು ಸಾಲ ಕೊಡಬಹುದು ಎಂದು ನಿರ್ಣಯ ಪುಸ್ತಕದಲ್ಲಿ ಮೊದಲೇ ಬರೆದಿಡಿ. ಎಷ್ಟು ಹಣ, ಯಾರ ಬಳಿ ಇರಬೇಕು ಎಂಬುದನ್ನೂ ಬರೆಯಿರಿ. ರಾತ್ರಿ ಹೊತ್ತು ಬರಬಲ್ಲ ಆಟೋ ಅಥವಾ ಜೀಪಿನವರ ನಂಬರು ಎಲ್ಲರ ಬಳಿ ಇರಲಿ. 108 ಉಚಿತ ಎಂಬುದು ಮನೆಯ ಗಂಡಸರಿಗೂ ಮಕ್ಕಳಿಗೂ ಗೊತ್ತಿರಲಿ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್, ತಾಯಿ ಕಾರ್ಡ್ ಮೂರನ್ನೂ ಒಂದೇ ಚೀಲದಲ್ಲಿ ಇಡಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಿ. ಕಾರ್ಡ್ ಸಿಗಲಿಲ್ಲ ಎಂದು ಹೊರಡುವುದನ್ನು ಮಾತ್ರ ತಡಮಾಡಬೇಡಿ. ಮಗು ಮುಂದೆ ಹೋಗಲಿ, ಕಾರ್ಡನ್ನು ಇನ್ನೊಬ್ಬರು ಹಿಂದಿನಿಂದ ತರಲಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಮಕ್ಕಳ ಕಣ್ಣು ಊದಿದರೆ ಮೊದಲು ಏನು ಮಾಡುತ್ತಾರೆ? ಇದರಿಂದ ಎಷ್ಟು ಹೊತ್ತು ತಡವಾಗುತ್ತದೆ?

2. ಗಂಡ ಊರಲ್ಲಿ ಇಲ್ಲದಾಗ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ತಾಯಿ ಯಾರ ಅನುಮತಿಗೆ ಕಾಯುತ್ತಾಳೆ? ಯಾಕೆ ಕಾಯಬೇಕು?

3. ಇಂದು ರಾತ್ರಿ ಹತ್ತು ಗಂಟೆಗೆ ಒಬ್ಬ ಸದಸ್ಯೆಗೆ ಎರಡು ಸಾವಿರ ರೂಪಾಯಿ ಬೇಕಾದರೆ ನಮ್ಮ ಸಂಘ ಕೊಡಬಲ್ಲದೇ?

4. ಮಗು “ತಲೆ ನೋಯ್ತಿದೆ” ಎಂದಾಗ ನಾವು ನಂಬುತ್ತೇವೆಯೇ?

ಮೂರನೆಯ ಪ್ರಶ್ನೆಗೆ “ಇಲ್ಲ” ಎಂಬ ಉತ್ತರ ಬಂದರೆ ಸಭೆ ಮುಗಿಸುವ ಮೊದಲು ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿ. ಈ ಹಾಳೆಯನ್ನು ಸಂಘದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಅಂಗನವಾಡಿ ಟೀಚರಿಗೂ ಒಂದು ಪ್ರತಿ ಕೊಡಿ.